ಗಂಜಿ ಹಾಕಿದ ಎಳೆ

"ತೂತಿನ ಕಾಸಿಗೂ ಬಾಳದ ಕೈ ಅದು. ಕುರಿ ಕಾಯೋ ಕೈಗೆ ಪಾನಾ ಕೊಟ್ಟಿದ್ದು ನಂದಾ ತಪ್ಪು."

ಬಸ್ಸಿನ ಯಜಮಾನ ಯರ್ರಿಸ್ವಾಮಿ ಸಾವ್ಕಾರರು ಈ ಮಾತನ್ನು ರಿಪೇರಿಯ ಓಬಯ್ಯನಿಗೆ ಹೇಳಲಿಲ್ಲ. ಬಸ್ಸಿನೊಳಗೆ ಕೂತಿದ್ದ ಹದಿನೆಂಟು ಮಂದಿಗೆ ಹೇಳಿದರು. ಓಬಯ್ಯ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿದ್ದ. ಅವನ ಬೆನ್ನಷ್ಟೇ ಮಂದಿಗೆ ಕಾಣುತ್ತಿತ್ತು.

"ಹತ್ತು ದಿನಕ್ಕ ಮೂರು ಬೆಲ್ಟ್ ತಿಂದಾನ್ರಿ ಇವ, ಬಾಳಿಹಣ್ಣು ತಿಂದಂಗ. ಯುದ್ಧದ ಕಾಲ, ಒಂದು ಬೆಲ್ಟಿಗೆ ಬಳ್ಳಾರಿಗೆ ಅರ್ಜಿ ಹಾಕಿ ತಿಂಗಳು ಕಾಯಬೇಕು. ಇದಾ ಕಡೀದು. ಇದು ಹೋದ್ರ ನೀನೂ ಹೋದಂಗ. ತಿಳೀತೇನು?"

ಯಾರೋ ಕಿಸಕ್ಕನೆ ನಕ್ಕರು. ಹೊತ್ತೇರಿದ ಮೇಲೆ ರಾಯದುರ್ಗದ ಸ್ಟ್ಯಾಂಡಿನಿಂದ ಕಣೇಕಲ್ಲಿಗೆ ಹೊರಡುವ ಬಸ್ಸು ಅದು, ಪೆಟ್ರೋಲಿನ ಬದಲು ಹಿಂದೆ ಇದ್ದಿಲ ಗ್ಯಾಸಿನ ಡಬ್ಬಿ ಹೊತ್ತಿದ್ದು. ಎಂಜಿನ್ನು ಗುಬ್ಬಿಮರಿಯ ಹಾಗೆ ಚಿರ್ ಚಿರ್ ಎನ್ನುತ್ತಿತ್ತು. ಆ ಸದ್ದು ಕೇಳಿದರೇ ಸಾಕು, ಬೆಲ್ಟು ಸವೆಯುತ್ತಿದೆ ಎಂದು ಓಬಯ್ಯನಿಗೆ ಗೊತ್ತು.

ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತು ಮುರಿದು, ಅದೇ ಬಾಗಿಲಿನಿಂದ ಹೊರಬಿದ್ದವನು ಅವನು. ಇವತ್ತು ಸಾವ್ಕಾರರ ಮಾತು ಕಿವಿಗೆ ಬಿದ್ದಾಗ ರಕ್ತವೇನೋ ನೆತ್ತಿಗೇರಿತು. ಆದರೆ ಕೈ ಮುಷ್ಟಿಯಾಗಲಿಲ್ಲ. ಹದಿನೈದು ದಿನದ ಹಿಂದೆ ಫ್ಯಾನಿನ ಬುಷ್ ಬದಲಿಸಿ, ಅದನ್ನು ಹಿಡಿದಿಡುವ ಬ್ರಾಕೆಟ್ಟನ್ನು ಮತ್ತೆ ಕೂಡಿಸಿದವನು ತಾನೇ. ತಪ್ಪು ತನ್ನದೇ ಆಗಿದ್ದರೆ? ಸಿಟ್ಟಿಗೂ ಕಾಲೂರಲು ಒಂದು ನೆಲ ಬೇಕಲ್ಲ.

"ಎಂಜಿನ್ ನಿಲ್ಸಣ್ಣ," ಎಂದ.

ಡ್ರೈವರ್ ಚಿಕ್ಕತಿಮ್ಮಯ್ಯ ಮಡಕಶಿರಾ ಕಡೆಯವನು. ಸಾವ್ಕಾರರ ಮುಖ ನೋಡಿ, ಆಮೇಲೆ ನಿಲ್ಲಿಸಿದ.

ಓಬಯ್ಯ ಜೇಬಿನಿಂದ ಒಂದು ಮೊಳ ಕಂಬಳಿ ನೂಲು ತೆಗೆದ. ತಾಯಿ ತಿಪ್ಪಕ್ಕ ಹುಣಿಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಬಿಟ್ಟ ಎಳೆ. ಮಗ್ಗಕ್ಕೆ ಏರಿಸುವ ಮುಂಚೆ ಅವಳು ಒಂದು ಕಣ್ಣು ಮುಚ್ಚಿ ಎಳೆಯ ಉದ್ದಕ್ಕೂ ನೋಡಿ, "ಗಂಜಿ ಕುಡಿದ ಎಳಿ ಸುಳ್ಳು ಹೇಳಲ್ಲಪ್ಪ," ಅನ್ನುತ್ತಿದ್ದಳು. ಓಬಯ್ಯ ಕಲಿತ ವಿದ್ಯೆ ಅದೊಂದೇ.

"ಎಂಜಿನ್ನಿಗೆ ಕಂಬಳಿ ನೇಯ್ತಾನ ನೋಡ್ರಿ. ಚಳಿ ಹತ್ತಿರಬೇಕು," ಎಂದರು ಸಾವ್ಕಾರರು. ಈ ಸಲ ಬಸ್ಸೆಲ್ಲ ನಕ್ಕಿತು.

ಬೆಲ್ಟು ಸುತ್ತುವ ಗಾಲಿ ಎರಡು: ಕೆಳಗೆ ಕ್ರ್ಯಾಂಕಿನ ಪುಲ್ಲಿ, ಮೇಲೆ ಫ್ಯಾನಿನ ಪುಲ್ಲಿ. ಎರಡೂ ಒಂದೇ ಸಾಲಿಗೆ ನಿಂತರೆ ಬೆಲ್ಟು ವರ್ಷಗಟ್ಟಲೆ ಬಾಳುತ್ತದೆ. ಜೋಳದ ಕಾಳಿನಷ್ಟು ಓರೆಯಾದರೂ ಪುಲ್ಲಿ ಬೆಲ್ಟಿನ ಒಂದು ಮಗ್ಗುಲನ್ನು ತಿಂದು ಹಾಕುತ್ತದೆ. ಚಿಕ್ಕತಿಮ್ಮಯ್ಯ ಎಳೆಯ ಕೆಳತುದಿ ಹಿಡಿದ, ಓಬಯ್ಯ ಮೇಲ್ತುದಿ. ಬುಷ್ ಬದಲಿಸಿದ ದಿನವೂ ಹೀಗೇ ಹಿಡಿದು ನೋಡಿದ್ದ. ನಾಲ್ಕು ಅಂಚಿಗೂ ಕೂತಿತ್ತು. ಕೂತಿತ್ತೇ? ಮೂರು ಬೆಲ್ಟು ಹೋದ ಮೇಲೆ ಅವನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹಾರಿತ್ತು.

ಕೆಳಗಿನ ಪುಲ್ಲಿಯ ಎರಡಂಚಿಗೂ ಎಳೆ ಅಂಟಿತು. ಮೇಲಿನ ಪುಲ್ಲಿಯ ತಲೆ ಮಾತ್ರ ಎಳೆಯನ್ನು ಮುಂದಕ್ಕೆ ದೂಡಿತು. ಅದರ ಬುಡದಲ್ಲಿ ಬೆಳಕು ಕಂಡಿತು.

ಓರೆ. ಹಾಗಾದರೆ ತಪ್ಪು ತನ್ನದೇ. ಓಬಯ್ಯ ಪಾನಾ ಹಚ್ಚಿ ಬ್ರಾಕೆಟ್ಟಿನ ಮೇಲಿನ ಬೋಲ್ಟನ್ನು ಸಡಿಲಿಸತೊಡಗಿದ. ಬೋಲ್ಟು ಈಚೆ ಬಂದದ್ದೇ ತಡ, ಬ್ರಾಕೆಟ್ಟಿನ ಹಿಂದಿನಿಂದ ಬಿಲ್ಲೆಯಂಥದೊಂದು ಜಾರಿ ಅಂಗೈಗೆ ಬಿತ್ತು. ಗ್ರೀಸು, ಇದ್ದಿಲ ಮಸಿ ಮೆತ್ತಿಕೊಂಡಿತ್ತು. ಪ್ಯಾಂಟಿಗೆ ಒರೆಸಿದ. ನಡುವೆ ತೂತು, ಸುತ್ತ ಅಕ್ಷರ, ಮೇಲೆ ಕಿರೀಟ. ಕಾಸು.

ಬ್ರಾಕೆಟ್ಟನ್ನು ಓರೆ ಮಾಡಿದ್ದು ಇದೇ, ಅವನು ಹಾಕಿದ್ದಲ್ಲ ಅದು. ದೇವರಾಣೆಗೂ ಅಲ್ಲ. ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಬಾನೆಟ್ಟಿಗೆ ಹಣೆ ಆನಿಸಿದ.

"ಏನದು?" ಎಂದರು ಸಾವ್ಕಾರರು.

ಓಬಯ್ಯ ಕಾಸನ್ನು ಎತ್ತಿ ಹಿಡಿದ. ಮುಂದಿನ ಸೀಟಿನಲ್ಲಿ ಬದನೆಕಾಯಿ ಮಾರಿ ಖಾಲಿ ಪುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಉಜ್ಜಿನಮ್ಮ ಕಿಟಕಿಯಿಂದ ಕತ್ತು ಚಾಚಿದಳು.

"ಅಯ್ಯ, ಇದು ನನ್ನ ಕಾಸಲ್ಲೇನ್ರಿ ಸಾವ್ಕಾರ್ರ? ಆಚಿ ಸಂತಿ ದಿನ ಕೆರಿ ಏರಿ ಮ್ಯಾಲ ಬೋಲ್ಟ್ ಗಡಗಡ ಅಂತ ಗಾಡಿ ನಿಂತಾಗ ಇಸ್ಕಂಡ್ರಿ. 'ವಾಷರ್ ಇಲ್ಲ ಅಂತ ಯಾಕ ಅಳ್ತೀರಿ, ಸರಕಾರನಾ ವಾಷರ್ ಅಚ್ಚು ಹಾಕಿ ಕೊಟ್ಟೈತಿ' ಅಂದ್ರಿ. ಕೋಟು ಬಿಚ್ಚಿ ನನ್ನ ಪುಟ್ಟಿ ಮ್ಯಾಲ ಹಾಕಿ, ನೀವಾ ಬಿಗಿದ್ರಲ್ರಿ. ಮಂದಿಯೆಲ್ಲ ಶಭಾಷ್ ಅಂದ್ರು."

ಬಸ್ಸು ನಗಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಮಾತ್ರ ಮೆಲ್ಲಗೆ, "ಸರಕಾರಿ ವಾಷರ್," ಎಂದು ಕೆಮ್ಮಿದ.

ಚಿಕ್ಕತಿಮ್ಮಯ್ಯ ಓಬಯ್ಯನ ಕಿವಿಯ ಹತ್ತಿರ ಬಂದ. "ಬೋಲ್ಟ್ ತಲೆ ಕೆಳಗೆ ಹಾಕ್ಬೇಕು ಸ್ವಾಮಿ, ಬ್ರಾಕೆಟ್ ಹಿಂದಕ್ಕಲ್ಲ ಅಂದೆ ಕಣಪ್ಪ. ಕೇಳ್ಲಿಲ್ಲ."

"ಇಷ್ಟು ದಿನ ಬಾಯಾಗ ಶೇಂಗಾ ಇಟ್ಕಂಡಿದ್ದೇನಣ್ಣ?"

"ಹೆಂಡ್ರು ಮಕ್ಳು ನಮ್ಮೂರು ರೊಳ್ಳದಾಗವ್ರೆ. ನಾನೂ ಹೊಟ್ಟೆಗೆ ಅನ್ನ ತಿನ್ನೋನೇ ಅಲ್ವೇನಪ್ಪ."

ಓಬಯ್ಯನಿಗೆ ಅವನ ಮೇಲೂ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಗಡಿನ ಡಬ್ಬಿ ತಡಕಿ ನಿಜವಾದ ವಾಷರೊಂದನ್ನು ಹುಡುಕಿ, ಬೋಲ್ಟಿನ ತಲೆಯ ಕೆಳಗೆ ಹಾಕಿ ಬಿಗಿದ. ಮತ್ತೆ ಎಳೆ ಹಿಡಿದ. ಒಂದಂಚು, ಎರಡು, ಮೂರು, ನಾಲ್ಕು. ಎಲ್ಲೂ ಬೆಳಕಿಲ್ಲ. ಎಳೆ ಗೋಡೆಗೆ ಒರಗಿ ನಿದ್ದೆ ಹೋದವನಂತೆ ಕೂತಿತು.

ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಗುಬ್ಬಿಮರಿಯ ಸದ್ದಿಲ್ಲ. ಬೆಲ್ಟು ಅಲುಗದೆ, ನಿಂತೇ ಇದೆಯೇನೋ ಎಂಬಂತೆ ತಿರುಗುತ್ತಿತ್ತು. ಮಂದಿ ಕಿವಿಗೊಟ್ಟು ಕೇಳಿದರು, ಸಾವ್ಕಾರರೂ ಕೇಳಿದರು.

ಓಬಯ್ಯ ಕಿಟಕಿಯ ಹತ್ತಿರ ಹೋಗಿ ಕಾಸನ್ನು ಉಜ್ಜಿನಮ್ಮನ ಅಂಗೈಗೆ ಹಾಕಿದ. ಅವಳು ಅದರ ತೂತಿನೊಳಗಿಂದ ಒಂದು ಕಣ್ಣಿಟ್ಟು ಅವನನ್ನು ನೋಡಿ, ಸೊಂಟದ ಚೀಲಕ್ಕೆ ಸಿಕ್ಕಿಸಿಕೊಂಡಳು.

"ನೋಡ್ದೇನು? ಅದಕ್ಕಾ ನಾನು ಬಡ್ಕಂಡಿದ್ದು, ಬಿಚ್ಚಿ ನೋಡು ಅಂತ," ಎಂದರು ಸಾವ್ಕಾರರು, ಮಂದಿಗೂ ಕೇಳಲೆಂದು. ಆಮೇಲೆ ದನಿ ಇಳಿಸಿದರು. "ಓಬಯ್ಯ... ಸಂಜಿಗೆ ಮನಿ ಕಡಿ ಬಾರಪ್ಪ. ನಮ್ಮ ಕಾರೂ ಹಿಂಗಾ ಚಿರ್ ಅಂತೈತಿ. ಬರ್ತೀಯಲ್ಲ?"

ಓಬಯ್ಯ ಬಾನೆಟ್ಟು ಮುಚ್ಚಿದ. ಎಳೆಯ ತುದಿಗೆ ಗ್ರೀಸು ತಾಗಿತ್ತು; ಅಷ್ಟನ್ನು ಹಲ್ಲಿನಿಂದ ಕಡಿದು ಉಗಿದ. ಉಳಿದದ್ದನ್ನು ತೋರುಬೆರಳಿಗೆ ಒಂದೊಂದೇ ಸುತ್ತು ಸುತ್ತುತ್ತ, ಬೆನ್ನ ಹಿಂದೆ ಬಸ್ಸು ಸದ್ದಿಲ್ಲದೆ ಹೊರಡುವುದನ್ನು ಕೇಳುತ್ತ, ಬೇವಿನ ಮರದ ನೆರಳಿನ ಕಡೆ ನಡೆದ.