ನೋಟಕ್ಕೆ ಅಡ್ಡ

“ಇನ್ನೊಂದು ಗೇಣು ಎಡಕ್ಕೆ,” ಎಂದರು ಮಂಚದ ಮಾಸ್ತರು.

ಮಂಚದ ಆ ತುದಿ ಹಿಡಿದಿದ್ದ ಭಾವಮೈದುನ ಸದ್ದು ಕೇಳುವಂತೆ ಉಸಿರು ಬಿಟ್ಟ. ಒಂದು ಗೇಣು ಎಡಕ್ಕೆ, ನಾಲ್ಕು ಬೆರಳು ಮುಂದಕ್ಕೆ, ಮತ್ತೆ ಎರಡು ಬೆರಳು ಹಿಂದಕ್ಕೆ ಎಂದು ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ. ಅವನ ಅಕ್ಕನ ದೇಹ ಇನ್ನೂ ಒಳಗಿನ ಮಲಗುವ ಕೋಣೆಯಲ್ಲಿತ್ತು. ಅದನ್ನು ಈ ಮುಂದಿನ ಕೋಣೆಗೆ ತಂದು ಮಲಗಿಸಬೇಕು. ಎಂಟು ಗಂಟೆಗೆ ಜನ ಬರತೊಡಗುತ್ತಾರೆ, ಹನ್ನೊಂದಕ್ಕೆ ವ್ಯಾನು ಬರುತ್ತದೆ.

“ಭಾವ, ಈಗ ಎಲ್ಲಿಟ್ಟರೆ ಏನು? ಜನ ಅಕ್ಕನ್ನ ನೋಡೋಕೆ ಬರ್ತಾರೆ. ಅಕ್ಕ ಏನನ್ನೂ ನೋಡಲ್ಲ.”

“ಕಾಲು ಕಿಟಕಿ ಕಡೆ ಇರಲಿ,” ಎಂದರು ಮಾಸ್ತರು, ಕೇಳಿಸಿಕೊಳ್ಳದವರಂತೆ. “ತಲೆ ಈ ಕಡೆ. ಕಣ್ಣು ಬಿಟ್ಟ ಕೂಡಲೆ ಹೊಳೆ ಕಾಣಬೇಕು.”

ಆಡಿದ ಮೇಲೆ ಆ ಮಾತು ಅವರ ಕಿವಿಗೂ ಬಿತ್ತು. ಭಾವಮೈದುನ ಮಂಚವನ್ನು ಒಂದು ಗೇಣು ಎಡಕ್ಕೆ ಸರಿಸಿದ.

ಮಾಸ್ತರು ಎಂದರೆ ಪಾಠ ಹೇಳಿದವರಲ್ಲ. ಹೊಳೆದಂಡೆಯ ದೊಡ್ಡ ವಸತಿಗೃಹವೊಂದರಲ್ಲಿ ಮೂವತ್ತಾರು ವರ್ಷ ಕೋಣೆಗಳ ಉಸ್ತುವಾರಿ ನೋಡಿಕೊಂಡವರು. ಯಾವ ಕೋಣೆಯಲ್ಲಿ ಮಂಚ ಎಲ್ಲಿರಬೇಕು, ಯಾವ ಕಡೆ ತಲೆ, ಯಾವ ಕಡೆ ಕಾಲು ಎಂಬುದೆಲ್ಲ ಅವರ ತೀರ್ಮಾನ. ಅಳತೆಪಟ್ಟಿಯನ್ನು ಅವರು ನಂಬುತ್ತಿರಲಿಲ್ಲ. ಕೋಣೆಯಿಂದ ಎಲ್ಲರನ್ನೂ ಆಚೆ ಕಳಿಸಿ, ಚಪ್ಪಲಿ ಬಿಟ್ಟು, ಹಾಸಿಗೆಯ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಆಮೇಲೆ ಕಣ್ಣು ಬಿಡುತ್ತಿದ್ದರು. ಕಂಡದ್ದು ಮನಸ್ಸಿಗೆ ಬರುವವರೆಗೆ ಮಂಚಕ್ಕೆ ನೆಮ್ಮದಿಯಿಲ್ಲ. ಮಾಸ್ತರು ಮಲಗುವುದಕ್ಕೇ ಸಂಬಳ ತಗೊಳ್ಳುತ್ತಾರೆ ಎಂದು ಕೆಲಸದವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅದು ಗೊತ್ತಿದ್ದೂ ಮಾಸ್ತರಿಗೆ ಒಳಗೊಳಗೇ ಖುಷಿ.

ಕೆಲಸದವರಿಗೆ ಅವರು ಹೇಳಿಕೊಟ್ಟ ಪಾಠ ಒಂದೇ. “ಚಹಾ ಇಡಿ, ಹಿಂದಕ್ಕೆ ಸರೀರಿ. ನೋಟಕ್ಕೆ ಅಡ್ಡ ನಿಲ್ಲಬೇಡಿ. ಅವರು ನಿಮ್ಮ ಮುಖ ನೋಡೋಕೆ ಬಂದಿಲ್ಲ.”

*

ಮೂರು ತಿಂಗಳ ಕೆಳಗೆ ಹೆಂಡತಿ ಮೆಟ್ಟಿಲಿನಿಂದ ಜಾರಿ ಬಿದ್ದು ಕುತ್ತಿಗೆ ಮುರಿದುಕೊಂಡಳು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಕುತ್ತಿಗೆಗೆ ಗಟ್ಟಿ ಪಟ್ಟಿ ಕಟ್ಟಿ, ಇನ್ನು ಅಂಗಾತವೇ ಮಲಗಿರಬೇಕು, ತಲೆಯನ್ನು ಅತ್ತಿತ್ತ ತಿರುಗಿಸುವ ಹಾಗೇ ಇಲ್ಲ ಎಂದಿದ್ದರು. ಎಷ್ಟು ದಿನ ಎಂದು ಮಾಸ್ತರು ಕೇಳಿದರೆ ಡಾಕ್ಟರು ಬೇರೆ ಮಾತೆತ್ತಿದರು.

ಮಾಸ್ತರು ಅತ್ತು ಕೂರುವ ಆಸಾಮಿಯಲ್ಲ. ಅವಳು ಮನೆಗೆ ಬರುವ ಹಿಂದಿನ ದಿನವೇ ಟೊಂಕ ಕಟ್ಟಿ ನಿಂತರು. ಬಟ್ಟೆಯ ಬೀರುವನ್ನು ಹೊರಗೆಳೆದರು. ಕಿಟಕಿಯ ಪರದೆ ಕಿತ್ತರು. ಗೋಡೆಗೊರಗಿದ್ದ ಮಂಚವನ್ನು ಕೋಣೆಯ ನಡುವಿಗೆ ತಂದು, ಕಾಲುಗಳ ಕೆಳಗೆ ಎರಡೆರಡು, ತಲೆಯ ಕಡೆ ಇನ್ನೂ ಒಂದೊಂದು ಇಟ್ಟಿಗೆ ಕೊಟ್ಟು ಎತ್ತರಿಸಿದರು. ಮಲಗಿ ನೋಡಿದರು, ಎದ್ದು ಸರಿಸಿದರು, ಮತ್ತೆ ಮಲಗಿದರು. ಮೇಲಿನ ಮನೆಯವರು ಒಣಹಾಕಿದ ಟವೆಲುಗಳು ಕಿಟಕಿಯ ಮೂಲೆಯಲ್ಲಿ ಇಳಿಬಿದ್ದಿದ್ದವು. ಮಹಡಿ ಹತ್ತಿ ಹೋಗಿ, “ನಿಮ್ಮ ಟವೆಲು ನನ್ನ ಹೆಂಡತಿಯ ಆಕಾಶದಲ್ಲಿ ಬರ್ತಾ ಇದೆ,” ಎಂದರು. ಮೇಲಿನ ಮನೆಯಾಕೆ ಏನು ತಿಳಿದುಕೊಂಡಳೋ, ಅಂದಿನಿಂದ ಟವೆಲುಗಳನ್ನು ಒಳಗೇ ಒಣಗಿಸಿದಳು.

ಮಲಗಿಸಿದ ಮೇಲೆ ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. ಹೊಳೆ ತಿರುಗುವ ಜಾಗ, ಸೇತುವೆ, ಆಚೆ ದಡದ ಮರಗಳ ಸಾಲು.

“ಚೆನ್ನಾಗಿದೆ,” ಎಂದಳು.

ಇನ್ನೂ ಏನಾದರೂ ಅನ್ನುತ್ತಾಳೆ ಎಂದು ಮಾಸ್ತರು ಕಾದರು. ಅವಳು ಕಣ್ಣು ಮುಚ್ಚಿಕೊಂಡಳು. ದಣಿದಿದ್ದಾಳೆ ಅಂದುಕೊಂಡರು.

ಇನ್ನು ಅವರು ಕೂರುವ ಕುರ್ಚಿಯ ಪ್ರಶ್ನೆ. ಕೋಣೆ ಕಿರಿದು. ಎದುರಿಗೆ ಹಾಕಿದರೆ ಹೊಳೆಯೇ ಮುಚ್ಚಿಹೋಗುತ್ತದೆ, ಪಕ್ಕಕ್ಕೆ ಹಾಕಿದರೆ ಸೇತುವೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಅವಳ ತಲೆಯ ಹಿಂದೆ, ಬಾಗಿಲ ಬಳಿ ಹಾಕಿಕೊಂಡರು. ಊಟ ಮಾಡಿಸುವುದು, ಮೈ ಒರೆಸುವುದು ಆಯಾಳ ಕೆಲಸ. ಮಾತ್ರೆ ಕೊಡುವಾಗ ಮಾತ್ರ ಮಾಸ್ತರು ಮುಂದೆ ಬರುತ್ತಿದ್ದರು, ನೀರು ಕುಡಿಸಿದ ಮರುಗಳಿಗೆ ಹಳೇ ಅಭ್ಯಾಸದಂತೆ ಹಿಂದಕ್ಕೆ ಸರಿಯುತ್ತಿದ್ದರು. ಉಳಿದ ಹೊತ್ತೆಲ್ಲ ಆ ಕುರ್ಚಿಯಲ್ಲೇ ಕೂತು ಪೇಪರು ಓದಿ ಹೇಳುತ್ತಿದ್ದರು, ಅವರಿವರ ಸುದ್ದಿ ಹೇಳುತ್ತಿದ್ದರು. ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಇಂಥ ಗಂಡ ಕೋಟಿಗೊಬ್ಬ ಎಂದು ನೆಂಟರು ಹೇಳಿದ್ದು ಸುಳ್ಳೇನಲ್ಲ.

*

ಒಂಬತ್ತರ ಹೊತ್ತಿಗೆ ಮುಂದಿನ ಕೋಣೆ ತುಂಬಿತ್ತು. ಬಂದವರು ಮೊದಲು ಹೆಣದ ಮುಖ ನೋಡಿ, ಆಮೇಲೆ ಕಿಟಕಿಯ ಕಡೆ ನೋಡಿ, “ಪುಣ್ಯವಂತೆ, ಹೊಳೆ ನೋಡ್ತಾ ನೋಡ್ತಾ ಹೋದರು,” ಎನ್ನುತ್ತಿದ್ದರು. ಮಾತು ಮಾಸ್ತರದ್ದೇ. ನಿನ್ನೆಯಿಂದ ಫೋನು ಮಾಡಿದವರಿಗೆಲ್ಲ ಅವರು ಹೇಳಿದ್ದು ಅದನ್ನೇ. ಜನರ ಬಾಯಿಂದ ಅದು ತಿರುಗಿ ಬರುವಾಗ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು.

ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತೆಂಟು ವರ್ಷ ಕೂತ ಗೆಳತಿಯೊಬ್ಬಳು ಊರುಗೋಲು ಹಿಡಿದು ಬಂದಿದ್ದಳು. ಅವಳು ಕೂತ ಕಡೆ ಜನ ಸೇರಿತು.

“ಬೋರ್ಡ್ ಮುಂದೆ ಕೂತು ‘ನಂಬರ್ ಪ್ಲೀಸ್’ ಅಂದರೆ ಜೇನು ಸುರಿಯೋ ದನಿ ಇವಳದು,” ಎಂದಳು ಗೆಳತಿ. “ಹೆಡ್‌ಫೋನ್ ತೆಗೆದರೆ ನಮ್ಮ ಜನ್ಮ ಜಾಲಾಡೋ ದನಿ. ವಸತಿಗೃಹದಿಂದ ದಿನಾ ಒಬ್ಬರು ಟ್ರಂಕ್ ಕಾಲ್ ಬುಕ್ ಮಾಡೋರು. ಊರಿಗೆ ಬಂದ ಅತಿಥಿಗಳಿಗಂತೆ. ಅತಿಥಿಗಳೇ ಇಲ್ಲದ ದಿನಾನೂ ಮಾಡೋರು.”

ಒಂದಿಬ್ಬರು ಮಾಸ್ತರ ಕಡೆ ನೋಡಿದರು. ಮಾಸ್ತರು ನೆಲ ನೋಡಿದರು.

“ಕೊನೆಗೆ ಮದುವೆ ಆಗ್ತೀಯಾ ಅಂತ ಫೋನಲ್ಲೇ ಕೇಳಿದರಂತೆ. ಇವಳು ಬಗ್ಗೋ ಪೈಕಿನಾ? ‘ದನಿ ನಂಬಿ ನಾನು ಯಾರನ್ನೂ ಮದುವೆ ಆಗಲ್ಲ, ಬಂದು ಮುಖ ತೋರಿಸಿ’ ಅಂದಳು. ಬಂದರಪ್ಪ, ಗೇಟಿನ ಹತ್ತಿರ. ಡ್ಯೂಟಿ ಮುಗಿಸಿ ನಾವು ನಲವತ್ತು ಜನ ಹೆಂಗಸರು ಒಟ್ಟಿಗೆ ಹೊರಗೆ ಬಂದ್ವಿ. ಯಾರು ಅಂತ ಇವರಿಗೆ ಹೇಗೆ ಗೊತ್ತಾಗಬೇಕು? ಒಬ್ಬೊಬ್ಬರನ್ನೇ ನಿಲ್ಲಿಸಿ ‘ದಯವಿಟ್ಟು ನಂಬರ್ ಪ್ಲೀಸ್ ಅನ್ನಿ’ ಅಂತ ಕೇಳಿದರು.”

ಕೋಣೆಯಲ್ಲಿ ನಗು ಎದ್ದಿತು. ಹೆಣದ ಮುಂದೆ ನಗಬಾರದಿತ್ತು ಎಂದು ಎಲ್ಲರಿಗೂ ಒಟ್ಟಿಗೇ ಹೊಳೆದು, ಒಟ್ಟಿಗೇ ಸುಮ್ಮನಾದರು.

“ಆಮೇಲೂ ಹಾಗೇ,” ಎಂದಳು ಗೆಳತಿ, ಕಣ್ಣೊರೆಸಿಕೊಂಡು. “ಐದು ಗಂಟೆ ಆದರೆ ಒಂದು ನಿಮಿಷ ನಿಲ್ತಿರಲಿಲ್ಲ. ಇಡೀ ದಿನ ಮುಖ ಇಲ್ಲದ ದನಿ ಕೇಳಿ ಕೇಳಿ ತಲೆ ಕೆಟ್ಟಿದೆ ಮಾರಾಯ್ತಿ, ಮನೆಗೆ ಹೋಗಿ ಅವರೆದುರು ಕೂತ್ಕೊಂಡರೇನೇ ಸಮಾಧಾನ ಅನ್ನೋಳು.”

ಮಾಸ್ತರಿಗೆ ಎಲ್ಲೋ ಒಂದು ಮುಳ್ಳು ಚುಚ್ಚಿದಂತಾಯಿತು. ಯಾಕೆಂದು ತಿಳಿಯಲಿಲ್ಲ. ಎದ್ದು ಒಳಗೆ ಹೋದರು.

*

ನಿನ್ನೆ ಬೆಳಿಗ್ಗೆ ಅವರು ಪೇಪರು ಓದುತ್ತಿದ್ದರು. ಮೊದಲ ಪುಟ ಮುಗಿಯಿತು, ಹವಾಮಾನ ಮುಗಿಯಿತು. ಯಾವುದೋ ಊರಿನ ಮೃಗಾಲಯದಿಂದ ತಪ್ಪಿಸಿಕೊಂಡ ಆಮೆಯನ್ನು ಮೂರು ದಿನದ ಮೇಲೆ ಗೇಟಿನ ಹತ್ತಿರವೇ ಹಿಡಿದರಂತೆ. ಅದನ್ನು ಓದಿ ಮಾಸ್ತರು ನಕ್ಕರು. ಅವಳು ನಗಲಿಲ್ಲ. ನಿದ್ದೆ ಹತ್ತಿರಬೇಕು ಎಂದು ದನಿ ತಗ್ಗಿಸಿ ಆಟದ ಪುಟವನ್ನೂ ಓದಿದರು. ಒಂಬತ್ತೂವರೆಗೆ ಆಯಾ ಬಂದು, ಮಂಚದ ಮುಂದೆ ಹೋಗಿ ನಿಂತು, “ಸಾರ್, ಓದೋದು ನಿಲ್ಲಿಸಿ,” ಎಂದಳು.

ಯಾವ ಸುದ್ದಿಯ ಯಾವ ಸಾಲಿನಲ್ಲಿ ಅವಳು ಹೋದಳೋ ಮಾಸ್ತರಿಗೆ ಗೊತ್ತಿಲ್ಲ. ಒಂದು ಮಾರು ದೂರದಲ್ಲಿದ್ದೂ ಗೊತ್ತಾಗಲಿಲ್ಲ. ಹೊಳೆಯನ್ನಾದರೂ ನೋಡುತ್ತಿದ್ದಳಲ್ಲ ಎಂಬ ಒಂದೇ ಮಾತಿಗೆ ಅವರು ನಿನ್ನೆಯಿಂದ ಜೋತುಬಿದ್ದಿದ್ದರು.

*

ಮಲಗುವ ಕೋಣೆಯಲ್ಲಿ ಆಯಾ ಹೊದಿಕೆ ಮಡಿಸುತ್ತಿದ್ದಳು. ಮಾಸ್ತರು ಬಾಗಿಲಲ್ಲಿ ನಿಂತರು.

“ನೀನು ಬಂದಾಗ ಅವಳ ಕಣ್ಣು ತೆರೆದಿತ್ತು, ಅಲ್ವಾ?”

“ಹೂಂ ಸಾರ್. ನಾನೇ ಮುಚ್ಚಿದೆ.”

“ಹೊಳೆ ಕಡೆಗೇ ಇತ್ತಲ್ಲ?”

ಆಯಾ ಮಡಿಸಿದ ಹೊದಿಕೆಯನ್ನು ಬಿಡಿಸಿ ಮತ್ತೆ ಮಡಿಸಿದಳು.

“ಹೇಳಮ್ಮ.”

“ನನಗೆ ಸುಳ್ಳು ಹೇಳೋಕೆ ಬರಲ್ಲ ಸಾರ್. ಕೇಳಬೇಡಿ.”

ಮಾಸ್ತರು ಅಲ್ಲಿಂದ ಕದಲಲಿಲ್ಲ.

“ಮೇಲಕ್ಕಿತ್ತು,” ಎಂದಳು ಆಯಾ. “ಮೇಲಕ್ಕೆ, ಹಿಂದಕ್ಕೆ. ನೀವು ಕೂತಿದ್ದ ಕಡೆ. ಕುತ್ತಿಗೆ ತಿರುಗಲ್ವಲ್ಲ, ಕಣ್ಣಷ್ಟೇ ತಿರುಗಿಸಿದ್ದರು.”

ಮಾಸ್ತರು ಬಾಗಿಲ ಬಳಿಯ ತಮ್ಮ ಕುರ್ಚಿಯ ಕಡೆ ತಿರುಗಿದರು.

“ಮೊದಲೆಲ್ಲ ಕೈಕನ್ನಡಿ ಇಟ್ಕೊಂಡಿದ್ದರು ಸಾರ್. ನೀವು ಓದುವಾಗ ಅದನ್ನ ಓರೆಯಾಗಿ ಹಿಡಿದು ನಿಮ್ಮನ್ನ ನೋಡೋರು. ಆಮೇಲೆ ಕೈ ಎತ್ತೋಕೆ ಆಗ್ಲಿಲ್ಲ.”

ಕನ್ನಡಿ ಅವರಿಗೆ ನೆನಪಿತ್ತು. ‘ಈ ವಯಸ್ಸಲ್ಲಿ ಇನ್ನೂ ಶೃಂಗಾರವೇನೇ’ ಎಂದು ಪೇಪರಿನ ಹಿಂದಿನಿಂದ ಛೇಡಿಸಿದ್ದರು. ಅವಳೂ ನಕ್ಕಿದ್ದಳು, ಅಥವಾ ನಕ್ಕಂತೆ ಕೇಳಿಸಿತ್ತು.

“ನನಗ್ಯಾಕೆ ಹೇಳಲಿಲ್ಲ?”

“ನಾನು ಹೇಳ್ತೀನಿ ಅಂದೆ. ಅಮ್ಮ ಬೇಡ ಅಂದರು. ‘ಜೀವಮಾನ ಎಲ್ಲ ಕಂಡೋರಿಗೆ ಮಾಡಿಕೊಟ್ಟರು, ಈಗ ನನಗೋಸ್ಕರ ಮಾಡಿದ್ದಾರೆ, ಹೇಗೆ ಬೇಡ ಅನ್ನಲಿ’ ಅಂದರು. ದಿನಾ ಸಾಯಂಕಾಲ ‘ಕಾಣ್ತಾ ಇದೆಯಾ’ ಅಂತ ನೀವು ಕೇಳ್ತಿದ್ದಿರಿ. ‘ಕಾಣ್ತಾ ಇದೆ’ ಅನ್ನೋರು.”

ಮಾಸ್ತರು ಚಪ್ಪಲಿ ಬಿಟ್ಟರು. ಅವಳಿದ್ದ ಮಂಚದ ಬರಿಯ ಹಾಸಿಗೆಯ ಮೇಲೆ ಅಂಗಾತ ಮಲಗಿ, ಕೈಗಳನ್ನು ಎರಡೂ ಪಕ್ಕಕ್ಕೆ ಇಟ್ಟುಕೊಂಡು ಕಣ್ಣು ಮುಚ್ಚಿದರು, ಬಿಟ್ಟರು. ಎದುರಿಗೆ ಹೊಳೆ, ಸೇತುವೆ, ಮರಗಳು. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಷ್ಟು ಚೆಂದದ ನೋಟವನ್ನು ಅವರು ವಸತಿಗೃಹದಲ್ಲೂ ಯಾರಿಗೂ ಮಾಡಿಕೊಟ್ಟಿರಲಿಲ್ಲ.

“ಆ ಕುರ್ಚಿ ಮೇಲೆ ಕೂತ್ಕೋ,” ಎಂದರು.

ಹಿಂದೆ ಕುರ್ಚಿ ಕಿರುಗುಟ್ಟಿತು.

“ಏನಾದರೂ ಮಾತಾಡು.”

“ಏನು ಮಾತಾಡಲಿ ಸಾರ್? ಕೆಳಗೆ ವ್ಯಾನು ಬಂದ ಹಾಗಿದೆ. ನೀವು ಏನೂ ತಿಂದಿಲ್ಲ. ಒಂದು ಲೋಟ ಹಾಲಾದರೂ ತರಲಾ?”

ದನಿ ಬಂತು. ಅದು ಬಂದ ದಿಕ್ಕಿಗೆ ಮಾಸ್ತರು ಕಣ್ಣನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಹೊರಳಿಸಿದರು. ಹುಬ್ಬಿನ ಹಿಂದೆ ನೋವು ಶುರುವಾಯಿತು. ಚಾವಣಿ ಕಂಡಿತು, ಬಾಗಿಲ ಚೌಕಟ್ಟಿನ ಮೇಲಿನ ಅಂಚು ಕಂಡಿತು. ಸಾವಿರಾರು ಮಂಚಗಳ ಮೇಲೆ ಮಲಗಿ ನೋಡಿದ್ದ ಅವರು ಎಲ್ಲವನ್ನೂ ಖಾಲಿ ಕೋಣೆಯಲ್ಲೇ ನೋಡಿದ್ದರು. ಕೋಣೆಯಲ್ಲಿ ಇನ್ನೊಬ್ಬರಿರುವಾಗ ಒಂದು ದಿನವೂ ಮಲಗಿ ನೋಡಿರಲಿಲ್ಲ. ಕಣ್ಣೀರು ಕಿವಿಗಳೊಳಕ್ಕೆ ಇಳಿಯಿತು.

“ಸಾರ್?” ಎಂದಿತು ಹಿಂದಿನ ದನಿ.

*

ಮಾಸ್ತರು ಮುಂದಿನ ಕೋಣೆಗೆ ಬಂದಾಗ ವ್ಯಾನಿನವರು ಬಾಗಿಲಲ್ಲಿ ನಿಂತಿದ್ದರು. ಮಾಸ್ತರು ಯಾರನ್ನೂ ನೋಡದೆ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಮಂಚದ ಅಂಚಿನಲ್ಲಿ, ಅವಳ ಮಂಡಿಯ ಹತ್ತಿರ, ಕಿಟಕಿಗೆ ಬೆನ್ನು ಹಾಕಿ ಕೂತರು. ಒಂದು ಕೈ ಊರಿ ಅವಳ ಮುಖದ ಮೇಲೆ ಬಾಗಿದರು.

“ಭಾವ, ಹೊತ್ತಾಯ್ತು,” ಎಂದ ಭಾವಮೈದುನ.

“ಆಗಲಿ.”

ಆಗತಾನೆ ಬಂದ ಮೇಲಿನ ಮನೆಯಾಕೆ ಕೈಯಲ್ಲಿ ಹೂ ಹಿಡಿದು ಅವರ ಬೆನ್ನ ಹಿಂದೆ ಒಂದು ಗಳಿಗೆ ಕಾದಳು. ಆಮೇಲೆ ಮೆಲ್ಲಗೆ, “ಒಂಚೂರು ಸರೀತೀರಾ? ಬೆಳಕಿಗೆ ಅಡ್ಡ ಕೂತಿದ್ದೀರಿ. ಅವರ ಮುಖವೇ ಕಾಣ್ತಿಲ್ಲ,” ಎಂದಳು.

ಮಾಸ್ತರು ಸರಿಯಲಿಲ್ಲ. ಇನ್ನಷ್ಟು ಬಾಗಿದರು. ಅವರ ನೆರಳು ಅವಳ ಹಣೆಯಿಂದ ಗಲ್ಲದವರೆಗೆ ಪೂರ್ತಿ ಬಿದ್ದಿತ್ತು. ಬಾಗಿಲಲ್ಲಿದ್ದ ವ್ಯಾನಿನವರು ಸ್ಟ್ರೆಚರನ್ನು ಗೋಡೆಗೆ ಒರಗಿಸಿ ನಿಂತರು.