ಸೋಲಾರಿಗೆ ದೃಷ್ಟಿಬೊಟ್ಟು

ಪಂಪಿನ ರೂಮಿನ ಬಾಗಿಲು ಧಡ್ ಎಂದಾಗ ಗಾಳಿಗೆ ಹಾಕಿಕೊಂಡಿತು ಎಂದೇ ತಿಳಿದೆ. ಆಮೇಲೆ ಹೊರಗೆ ಕೀಲಿ ತಿರುಗಿತು.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ." ಕಿಟಕಿಯ ಸರಳುಗಳಾಚೆ ಪಂಚಾಯ್ತಿ ಮೆಂಬರ್ ಲಕ್ಷ್ಮಣಪ್ಪನ ಮುಖ ಬಂತು. "ನೀರು ಬರೂತನಕ ನಿಮ್ಮನ್ನ ಬಿಡಂಗಿಲ್ರಿ. ಊರಾಗ ಹಂಗ ಠರಾವು ಆಗೈತಿ."

"ಲೇ ಲಕ್ಷ್ಮಣಪ್ಪಾ, ತಲಿ ನೆಟ್ಟಗೈತೇನು ನಿನಗ? ನಾನು ಹುಬ್ಬಳ್ಳಿ ಬಸ್ ಹಿಡೀಬೇಕು!"

"ಅದಕ್ಕ ಕೀಲಿ ಹಾಕೇವ್ರಿ. ಹ್ವಾದ ವಾರ ಮೋಟರ್ ರಿಪೇರಿಯಾಂವ ಚಾ ಕುಡದು ಬರ್ತೇನಿ ಅಂತ ಹ್ವಾದ, ಇನ್ನೂ ಕುಡ್ಯಾಕತ್ತಾನ. ನಿಮಗ ಇಲ್ಲೇ ಚಾ ತರಸ್ತೇವಿ."

ಚಹಾ ಬಂತು. ಕಾಗದದಲ್ಲಿ ಒಗ್ಗರಣೆ ಅವಲಕ್ಕಿಯೂ ಬಂತು. ನಮ್ಮ ಕಡೆ ಕೂಡಿಹಾಕುವುದರಲ್ಲೂ ಮರ್ಯಾದೆ ಇದೆ. ಬಾಗಿಲಿಗೆ ಕೀಲಿ, ಮಾತಿಗೆ 'ರಿ'.

ತಂಬೂರು ಹಳ್ಳಿಯಾಚೆ ಕಾಡಂಚಿನ ಈ ಊರಿಗೆ ಕುಡಿಯುವ ನೀರಿನ ಸೋಲಾರ್ ಪಂಪು ಕೂರಿಸಿದವನು ನಾನೇ. ಕಲಘಟಗಿ ಕಡೆಯ ಕನ್ನಡ ಶಾಲೆ, ಮೇಲೊಂದು ಡಿಪ್ಲೊಮಾ, ಅಷ್ಟೇ ನನ್ನ ಓದು. ಸೋಲಾರ್ ಎಂದರೆ ಜನ ನಗುತ್ತಿದ್ದ ಕಾಲದಲ್ಲಿ ನಾನೂ ಗೆಳೆಯ ಸರ್ಫರಾಜನೂ ಒಂದೇ ಲೂನಾದ ಮೇಲೆ ಪ್ಯಾನಲ್ ಕಟ್ಟಿಕೊಂಡು ಅಳ್ನಾವರದ ಸುತ್ತಿನ ಹಳ್ಳಿಗಳಿಗೆ ಹೋಗುತ್ತಿದ್ದೆವು. ಮೊದಲು ದೀಪ, ಆಮೇಲೆ ಬೀದಿ ಲೈಟು, ಆಮೇಲೆ ಪಂಪು. ಧಂದೆ ಬೆಳೆಯಿತು, ಪುಣೆಯ ಕಂಪನಿಯೊಂದು ನಮ್ಮಿಬ್ಬರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. ಸರ್ಫರಾಜ ಈಗ ಹುಬ್ಬಳ್ಳಿಯಲ್ಲಿ ಫ್ಯಾನಿನ ಕೆಳಗೆ ಕೂತು, ಎಲ್ಲಿ ಎಷ್ಟು ಪ್ಯಾನಲ್ ಬೇಕೆಂದು ನಕ್ಷೆ ಮಾಡುತ್ತಾನೆ. ನಾನು ಇನ್ನೂ ಏಣಿ ಹತ್ತುತ್ತಿದ್ದೇನೆ. ಮೊಣಕಾಲು ಕೈಕೊಟ್ಟಿದೆ. ಅವನ ಬಾಜೂ ಒಂದು ಕುರ್ಚಿ ಖಾಲಿಯಾಗಿತ್ತು. ಅದಕ್ಕೆ ಆಳು ಆರಿಸಲು ಇವತ್ತು ಪುಣೆಯ ಸಾಹೇಬರು ಹುಬ್ಬಳ್ಳಿಗೆ ಬಂದಿದ್ದರು, ಸಂಜೆ ರೈಲಿಗೆ ವಾಪಸು. ಇಸ್ತ್ರಿ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವನನ್ನು "ಹತ್ತು ಮಿನಿಟಿನ ಕೆಲಸ" ಎಂದು ಲಕ್ಷ್ಮಣಪ್ಪ ಬೈಕಿನ ಮೇಲೆ ಹೊತ್ತು ತಂದಿದ್ದ.

ಫೋನ್ ಬಂತು. ಸರ್ಫರಾಜ.

"ಎಲ್ಲಿದ್ದೀಯಲೇ ಜಹೀರುದ್ದೀನ?"

"ಕೂಡಿಹಾಕ್ಯಾರೋ."

"ಯಾರು, ಪೊಲೀಸರಾ?"

"ಊರವ್ರು. ಚಾ ಕೊಟ್ಟಾರ."

"ನಗಸಬ್ಯಾಡ. ಸಾಹೇಬ್ರು ಒಂದು ಸಲ ಕೇಳಿದ್ರು. ಲಗೂನ ಬಾ."

ಗೋಡೆಯ ಮೇಲಿನ ಕಂಟ್ರೋಲ್ ಪೆಟ್ಟಿಗೆ ಬಿಚ್ಚಿ ನೋಡಿದೆ. ಸರಿಯಿತ್ತು. ಮೋಟರೂ ಸರಿಯಿತ್ತು. ಹೊರಗೆ ಬಿಸಿಲು ಸುಡುತ್ತಿತ್ತು, ಆದರೆ ಪ್ಯಾನಲ್ಲಿನಿಂದ ಕರೆಂಟೇ ಸಾಲದು. ಬರುವಾಗ ಅವುಗಳ ಬೆನ್ನಿನ ಕಡೆಯಿಂದ ಬಂದಿದ್ದೆವು. ಈಗ ಕಿಟಕಿಗೆ ಮುಖ ಒತ್ತಿ ನೋಡಿದೆ.

ಒಂದೊಂದು ಪ್ಯಾನಲ್ಲಿನ ನಡುಮಧ್ಯ ರೊಟ್ಟಿಯಷ್ಟು ಅಗಲದ ಕರಿ ಬೊಟ್ಟು.

"ಯಾವ ಮಗ ಬಳದನಲೇ ಅದನ್ನ?"

"ಮಗ ಅಲ್ಲ, ನಾನು!" ಬೇಲಿಯ ಹತ್ತಿರದಿಂದ ಸಾವಕ್ಕ ಎದ್ದು ಬಂದಳು. ಊರಿನ ಸೂಲಗಿತ್ತಿ. ಆ ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಕೈಗೆ. "ಬಾಜೂ ಊರವ್ರು ಬಂದು ನಿಂತು ನಿಂತು ನೋಡಿ ಹ್ವಾದ್ರು. ದೃಷ್ಟಿ ಆಗಂಗಿಲ್ಲೇನು? ರಸ್ತೆದವರ ಡಾಂಬರ ತಂದು ಇಟ್ಟೇನಿ."

"ಡಾಂಬರಾ! ನಿನಗ ಯಾರು ಹೇಳಿದ್ರು ಯವ್ವಾ?"

"ನೀನ ಹೇಳಿದಿ! ಚಾಲೂ ಮಾಡಿದ ದಿನ ಕಟ್ಟಿ ಮ್ಯಾಲೆ ನಿಂತು 'ಇದು ನಿಮ್ಮ ಕೂಸು, ಕೂಸಿನಂಗ ಜ್ವಾಕಿ ಮಾಡ್ರಿ' ಅಂದಿಲ್ಲ? ಕೂಸಿಗೆ ಬೊಟ್ಟು ಇಡಬಾರದೇನು ಮತ್ತ?"

ಅಂದಿದ್ದೆ. ಪ್ರತಿ ಊರಲ್ಲೂ ಕಾಯಿ ಒಡೆದ ಮೇಲೆ ಅದೇ ಮಾತು, ಅದಕ್ಕೆ ಚಪ್ಪಾಳೆ.

"ಆ ಬೊಟ್ಟಿನಿಂದಾನ ನೀರು ನಿಂತೈತಿ. ಪ್ಯಾನಲ್ಲಿನ ಒಂದು ಚೌಕ ಕತ್ತಲಾದ್ರ ಅದರ ಇಡೀ ಸಾಲು ಮಲಗ್ತೈತಿ. ಲಕ್ಷ್ಮಣಪ್ಪಾ, ಕೀಲಿ ತಗಿ, ಒರಸ್ತೇನಿ."

"ಕೀಲಿ ತಗದ್ರ ನೀವು ಬಸ್ಸಿಗೆ ಓಡ್ತೀರಿ."

"ಹಂಗಾರ ನೀವ ಒರಸ್ರಿ!"

"ಮುಟ್ಟಿದ್ರ ಕೈ ಮುರೀತೇನಿ," ಎಂದಳು ಸಾವಕ್ಕ. ಯಾರೂ ಮುಟ್ಟಲಿಲ್ಲ.

ನಾನು ಕೂಗಿದೆ, ಬೈದೆ, ಬಾಗಿಲಿಗೆ ಒದ್ದೆ. ಮೊಣಕಾಲು ನೋಯಿತು. ಬಿಸಿಲು ಸರಿಯುತ್ತಿತ್ತು. ಕಡೆಗೆ ಕಿಟಕಿಯ ಕೆಳಗೆ ಕುಕ್ಕರಿಸಿದಾಗ ಅವಳ ಕೆಲಸದ ಭಾಷೆಯೇ ಬಾಯಿಗೆ ಬಂತು.

"ಯವ್ವಾ, ಕೂಸಿಗೆ ಬೊಟ್ಟು ಎಲ್ಲಿ ಇಡ್ತೀ?"

"ಗಲ್ಲಕ್ಕ. ಅಂಗಾಲಿಗೆ."

"ಕಣ್ಣೊಳಗ ಇಡ್ತೀಯೇನು?"

"ಹುಚ್ಚೇನು ನಿನಗ? ಕಣ್ಣು ಹೋಗ್ತಾವ."

"ಈ ಕೂಸಿಗೆ ಮೈಯೆಲ್ಲಾ ಕಣ್ಣು, ಯವ್ವಾ. ಗಾಜು ಅಷ್ಟೂ ಕಣ್ಣು."

ಸಾವಕ್ಕ ಪ್ಯಾನಲ್ಲುಗಳನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯ ನನ ಕೈ ಸುಡ್ಲಿ! ಲೇ ಲಕ್ಷ್ಮಣ್ಯಾ, ನಿಂತು ಏನ ನೋಡ್ತೀ? ಒರಸಾಕ ಅರಿವಿ ತಾ!"

ಟ್ರ್ಯಾಕ್ಟರಿನ ಡೀಸೆಲ್ ತಂದರು. ನಾನು ಒಳಗಿನಿಂದಲೇ ಹೇಳಿದೆ: ಕೆರೆಯಬೇಡಿ, ನೆನೆಸಿ ಒರೆಸಿ, ಆಮೇಲೆ ಸಾಬೂನು ನೀರು. ಡಾಂಬರು ಬಿಸಿಲಿಗೆ ಬೆಂದು ಕಚ್ಚಿಕೊಂಡಿತ್ತು. ಒಂದೊಂದಕ್ಕೂ ಹೊತ್ತು ಹಿಡಿಯಿತು. ಸಾವಕ್ಕ ತಾನೇ ಕೂತು ಪ್ರತಿ ಕಂಬದ ಬುಡಕ್ಕೆ, ಅಂಗಾಲಿಗೆ ಇಟ್ಟಂತೆ, ಹೊಸ ಬೊಟ್ಟು ಇಟ್ಟಳು. ಮೋಟರ್ ಗುಂಯ್ ಎಂದು ಟಾಕಿಗೆ ನೀರು ಧುಮುಕಿದಾಗ ಲಕ್ಷ್ಮಣಪ್ಪ ಕೀಲಿ ತೆಗೆದ.

ಸರ್ಫರಾಜನಿಗೆ ಫೋನ್ ಹಚ್ಚಿದೆ.

"ಸಾಹೇಬ್ರು ಸ್ಟೇಷನ್‌ಗೆ ಹ್ವಾದ್ರಪಾ," ಎಂದ. "ಬೇರೆಯವನ್ನ ತಗೊಂಡ್ರು. ನಾನೂ ಹೇಳಿ ನೋಡಿದೆ. ಪಂಪಿನ ರೂಮಿನ್ಯಾಗ ಸಿಕ್ಕೊಂಡಾನ ಅಂದ್ರ, ಅಂಥಾಂವ ಅಲ್ಲೇ ಇದ್ರ ಚಲೋ ಅಂದ್ರು."

ಇಟ್ಟ ಕೂಡಲೇ ಫೋನು ಮತ್ತೆ ಬಡಿದುಕೊಂಡಿತು. ಅಳ್ನಾವರದ ಕಡೆಯ ಊರಿನ ಯಲ್ಲೇಶ. ಅಲ್ಲಿಯ ಪಂಪೂ ನನ್ನದೇ.

"ಸಾಹೇಬ್ರ, ನಮ್ಮ ಸೋಲಾರ್ ಯಾಕೋ ಮಂಕಾಗೇತ್ರಿ. ನೀವು ಹೇಳಿದಂಗ ಕೂಸಿನಂಗ ಜ್ವಾಕಿ ಮಾಡೇವ್ರಿ."

"ಬೊಟ್ಟು ಇಟ್ಟೀರೇನು?"

"ಹೌದ್ರಿ! ನಿಮಗ ಹೆಂಗ ಗೊತ್ತಾತ್ರಿ?"

ಲಕ್ಷ್ಮಣಪ್ಪ ಬೈಕ್ ಚಾಲೂ ಮಾಡಿಕೊಂಡು ನಿಂತಿದ್ದ. ನನ್ನ ಮುಖ ನೋಡುವ ಧೈರ್ಯವಿರಲಿಲ್ಲ ಅವನಿಗೆ. "ಎಲ್ಲಿಗೆ ಬಿಡ್ಲಿ ಸಾಹೇಬ್ರ? ಹುಬ್ಬಳ್ಳಿಗೇನ್ರಿ?"

"ಉಳದ ಡೀಸೆಲ್ ಬಾಟ್ಲಿ ತಗೋ," ಎಂದೆ. "ಅಳ್ನಾವರದ ರಸ್ತಾ ಹಿಡಿ. ಮತ್ತ ಆ ಕೀಲಿ ಇಲ್ಲೇ ಒಗದು ಬಾ, ಆ ಊರವ್ರ ಹಂತ್ಯಾಕ ಅವ್ರದ ಕೀಲಿ ಇರ್ತೈತಿ."