ಹಗುರದ ಕೆಲಸ

ಲಸಿಕೆ ಹಾಕಿಸಿಕೊಂಡಿದ್ದಕ್ಕೇ ಸೊಸೆಗೆ ಉಬ್ಬಸ ಕೆರಳಿತು ಎಂದು ಅತ್ತೆ ಬೀದಿಗೆಲ್ಲ ಸಾರಿಯಾಗಿತ್ತು. ಈಗ ಬಾಗಿಲಿಗೆ ಅಡ್ಡ ನಿಂತಿದ್ದರು.

"ಮಗೂನ ಲಸಿಕೆಗೆ ಕರ್ಕೊಂಡು ಹೋಗ್ಬೇಡ. ಅದಕ್ಕೂ ನಿನ್ನದೇ ಉಬ್ಬಸ. ನೀನು ಒದ್ದಾಡಿದ್ದು ಸಾಲ್ದಾ?"

ಸೊಸೆಗೆ ವಾದ ಮಾಡುವಷ್ಟು ಉಸಿರಿರಲಿಲ್ಲ. ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದಳು. ಮಗಳು ಚಪ್ಪಲಿ ಬಿಚ್ಚಿದಳು. ಅತ್ತೆ ಹೇಳುವುದೇ ನಿಜವಾದರೆ? ಆ ಪುಟ್ಟ ಎದೆ ತಡೆಯುತ್ತದೆಯೇ?

ಅಷ್ಟರಲ್ಲಿ ಸೊಸೆ ದುಡಿಯುವ ಹಾಸಿಗೆ ಕಾರ್ಖಾನೆಯ ಗೆಳತಿ ಬಂದಳು. ಹತ್ತಿ ತುಂಬುವ ಕೋಣೆಯವಳು. ಎಲ್ಲರೂ ಅವಳನ್ನು ದಪ್ಪಕ್ಕ ಎನ್ನುತ್ತಿದ್ದರು.

"ತೋಳುನೋವು ಹೋಯ್ತೇನೇ? ಇಲ್ಲಾಂದ್ರೆ ಇನ್ನೆರಡು ದಿನ ನಮ್ಮ ಕೋಣೇಲೇ ಕೂರ್ಲಿ, ಹಗುರದ ಕೆಲಸ ಅಂದ ಮೇಸ್ತ್ರಿ."

ಹೇಳುತ್ತಲೇ ಸೀನಿದಳು. ಅವಳ ಹುಬ್ಬಿನ ಮೇಲೆ ಹತ್ತಿಯ ಎಳೆಗಳು ನರೆಗೂದಲಂತೆ ಅಂಟಿದ್ದವು. ಸೊಸೆ ಅವನ್ನೇ ನೋಡುತ್ತ ಕೂತಳು.

ಲಸಿಕೆ ಹಾಕಿಸಿಕೊಂಡ ದಿನ ಜ್ವರ ಬಂದಿತ್ತು, ತೋಳು ಒರಳುಕಲ್ಲಿನಷ್ಟು ಭಾರವಾಗಿತ್ತು. ಉಸಿರು ಮಾತ್ರ ಸರಾಗವಾಗಿತ್ತು. ಮರುದಿನ ಹಾಸಿಗೆಯ ಅಂಚು ಹೊಲಿಯಲು ದಬ್ಬಣ ಎಳೆಯಲಾಗಲಿಲ್ಲ. ಮೇಸ್ತ್ರಿ ಕನಿಕರದಿಂದಲೇ ಹತ್ತಿ ಕೋಣೆಗೆ ಕಳಿಸಿದ್ದ. ಕೆಲಸಕ್ಕೆ ಸೇರಿದಾಗ ಉಬ್ಬಸದವಳು ಎಂದು ಅವಳನ್ನು ಕಿಟಕಿ ಪಕ್ಕ ಕೂರಿಸಿದವನೂ ಅವನೇ. ಅವನೂ ಮರೆತ, ಅವಳೂ ಮರೆತಳು. ಮಧ್ಯಾಹ್ನದ ಹೊತ್ತಿಗೆ ಎದೆ ಸಿಳ್ಳೆ ಹಾಕತೊಡಗಿತ್ತು. ಆಗ ಎಲ್ಲರೂ ನೋಡಿದ್ದು ಲಸಿಕೆ ಚುಚ್ಚಿದ ತೋಳನ್ನು.

"ಅತ್ತೆ, ನಂಗೆ ಉಬ್ಬಸ ಬಂದಿದ್ದು ಲಸಿಕೆಯಿಂದಲ್ಲ. ಹತ್ತಿ ಧೂಳಿಂದ."

"ಯಾವ್ದಾದ್ರೇನು? ಒದ್ದಾಡಿದ್ದು ನಿಜ ತಾನೆ?"

"ನಿಜ. ಇವಳಿಗೂ ಜ್ವರ ಬರಬಹುದು, ತೋಳು ನೋಯಬಹುದು. ಉಬ್ಬಸ ಇರೋದು ಮೊದಲೇ ಡಾಕ್ಟರಿಗೆ ಹೇಳ್ತೀನಿ. ಹಾಕಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಕೂರಿಸ್ಕೊಂಡು ನೋಡ್ತಾರೆ. ನೀವೂ ಬನ್ನಿ. ಬೀದಿಗೆ ಹೇಳೋಕೆ ಹೊಸ ಸುದ್ದಿ ಸಿಗುತ್ತೆ."

ದಪ್ಪಕ್ಕ ಕಿಸಕ್ಕನೆ ನಕ್ಕಳು. ಅತ್ತೆ ಮುಖ ಸಿಂಡರಿಸಿ, ಬಾಗಿಲು ಬಿಟ್ಟು ಒಳಗೆ ಹೋದರು.

ಸೊಸೆ ಇನ್ಹೇಲರ್ ಎಳೆದುಕೊಂಡಳು, ಮಗಳದ್ದನ್ನೂ ಹುಡುಕಿ ಚೀಲಕ್ಕೆ ಹಾಕಿದಳು.

"ಮೇಸ್ತ್ರಿಗೆ ಹೇಳು, ನಾಳೆ ನಾನು ಕಿಟಕಿ ಹತ್ರಾನೇ ಕೂರೋದು."

"ತೋಳು ಎತ್ತೋಕಾಗಲ್ಲ, ದಬ್ಬಣ ಹೆಂಗೆ ಎಳೀತೀಯೇ?"

"ನಿಧಾನಕ್ಕೆ."

"ನಿಧಾನಕ್ಕೆ ಎಳೆದ್ರೆ ಬಿಡ್ತಾನಾ?"

ಮಗಳು ಮತ್ತೆ ಚಪ್ಪಲಿ ಮೆಟ್ಟಿ, ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡಳು. ತಾಯಿ ಗೋಡೆ ಹಿಡಿದು ಎದ್ದಳು.